ಎಡಗೈ ದಪ್ಪವಿರುವ ಏಡಿ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮಂಡ್ಯದ ತಾಯಿಯೊಬ್ಬರ ಕಾಗದವನ್ನು ನಾನು ಮೂರು ಸಲ ಓದಿದೆ. ಅದಕ್ಕೆ ಹೊಂದುವ ಇನ್ನೂ ಕೆಲವು ಅದೇ ಕಟ್ಟಿನಲ್ಲಿ ಸಿಕ್ಕವು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಏಡಿಗೇ ಮೀಸಲು. ಜೇನು, ಗೆದ್ದಲು, ಹಾವಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಬೇಕೆಂದು ವಿನಂತಿ.

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಮಂಗಳೂರು ಕಡೆಯಿಂದ ಭಾನುವಾರ ಬರುವ ಮೀನಿನ ಗಾಡಿಯಲ್ಲಿ ಒಂದು ಕಿಲೋ ಸಮುದ್ರದ ಏಡಿ ತೆಗೆದುಕೊಂಡೆ. ಎಂಟು ಬಂದವು. ಎಲ್ಲದರ ಬೆನ್ನ ಮೇಲೂ ಮೂರು ಮೂರು ಚುಕ್ಕೆ. ತೊಳೆಯುವಾಗ ನೋಡಿದರೆ ಏಳಕ್ಕೆ ಬಲಗಡೆಯ ಕೊಂಬು ದಪ್ಪ, ಒಂದಕ್ಕೆ ಮಾತ್ರ ಎಡಗಡೆಯದು. ಏಳನೇ ತರಗತಿಯ ನನ್ನ ಮಗ ಎಡಗೈಯಲ್ಲಿ ಬರೆಯುತ್ತಾನೆ. ‘ಅಮ್ಮಾ, ಇದೂ ನನ್ನ ಹಾಗೆ ಎಡಚ’ ಎಂದು ಹೇಳಿ ಅದನ್ನು ಸಾರಿಗೆ ಹಾಕಲು ಬಿಡಲೇ ಇಲ್ಲ; ಫ್ರೀಜರಿನಲ್ಲಿ ಇಟ್ಟುಕೊಂಡಿದ್ದಾನೆ. ಏಡಿಗಳಲ್ಲೂ ಎಡಗೈಯವು, ಬಲಗೈಯವು ಎಂದು ಇವೆಯೇ? ಮಗನಿಗೆ ಏನು ಹೇಳಲಿ? ಚಿತ್ರ ಕಳಿಸಿದ್ದೇನೆ. (ಒಬ್ಬ ತಾಯಿ, ಮಂಡ್ಯ)

ಉತ್ತರ: ಅಮ್ಮಾ, ನಿಮ್ಮ ಮಗನ ಕಣ್ಣಿಗೆ ನನ್ನ ಮೆಚ್ಚುಗೆ ತಿಳಿಸಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟಿದ್ದೇನೆ. ತಟ್ಟೆಯಲ್ಲಿ ಏಡಿ ಇಟ್ಟು ‘ಏನು ಕಾಣುತ್ತದೆ, ಹೇಳಿ’ ಎಂದರೆ ಹುಡುಗರು ಕಾಲು ಎಣಿಸುತ್ತಿದ್ದರು, ಕಣ್ಣಿನ ಕಡ್ಡಿ ತೋರಿಸುತ್ತಿದ್ದರು. ಎರಡು ಕೈಗಳು ಒಂದೇ ಸಮ ಇಲ್ಲ ಎಂದು ತಾವಾಗಿ ಹೇಳಿದವರು ಬಹಳ ಕಡಿಮೆ.

ಮೊದಲು ಎಡ ಬಲದ ಲೆಕ್ಕ ಸರಿಮಾಡಿಕೊಳ್ಳೋಣ. ಅಡುಗೆಮನೆಯಲ್ಲಿ ಏಡಿಯನ್ನು ಅಂಗಾತ ಮಾಡಿಕೊಂಡೇ ತೊಳೆಯುವುದು. ಹೊಟ್ಟೆಯ ಮಡಿಕೆಯನ್ನು ಎತ್ತಿದರೆ ತಾನೇ ಬೆನ್ನಿನ ಚಿಪ್ಪು ಬಿಟ್ಟುಕೊಳ್ಳುವುದು? ಹಾಗೆ ಅಂಗಾತ ಬಿದ್ದ ಏಡಿಯ ಕಣ್ಣು ನಿಮ್ಮಿಂದ ಆಚೆಗಿದ್ದರೆ ಅದರ ಬಲಗೈ ನಿಮ್ಮ ಎಡಕ್ಕೆ ಬರುತ್ತದೆ. ಬೆನ್ನು ಮೇಲೆ, ಕಣ್ಣು ಆಚೆಗೆ: ಹೀಗಿಟ್ಟು ನೋಡಿದಾಗ ಮಾತ್ರ ಅದರ ಬಲ ನಿಮ್ಮ ಬಲ. ನಿಮ್ಮ ಚಿತ್ರದಲ್ಲಿ ಬೆನ್ನಿನ ಚುಕ್ಕೆಗಳೂ ಕಣ್ಣುಗಳೂ ಸ್ಪಷ್ಟವಾಗಿವೆ. ಆದ್ದರಿಂದ ಸಂಶಯವಿಲ್ಲ, ನಿಮ್ಮ ಮಗ ಎತ್ತಿಟ್ಟುಕೊಂಡಿರುವುದು ಎಡಗೈ ದಪ್ಪವಾದ ಏಡಿಯೇ.

ನೀವು ಕೊಂಡದ್ದು ಈಜುವ ಏಡಿಗಳ ಕುಟುಂಬಕ್ಕೆ ಸೇರಿದ ಏಡಿ. ಪ್ರಾಣಿಶಾಸ್ತ್ರದಲ್ಲಿ ಪೋರ್ಟುನಸ್ ಸಾಂಗ್ವಿನೊಲೆಂಟಸ್ ಎಂದು ಹೆಸರು. ಪೋರ್ಟುನಸ್ ಪ್ರಾಚೀನ ರೋಮನ್ನರ ಬಂದರಿನ ದೇವರು. ಕಟ್ಟಕಡೆಯ ಜೋಡಿ ಕಾಲನ್ನು ನೋಡಿ. ತುದಿ ಮೊನಚಾಗಿಲ್ಲ, ಹರಿಗೋಲಿನ ಹುಟ್ಟಿನಂತೆ ಚಪ್ಪಟೆಯಾಗಿದೆ. ನಮ್ಮ ಗದ್ದೆಯ ಏಡಿಗೆ ಇದಿಲ್ಲ. ಅದು ನಡೆಯುವ, ಬಿಲ ತೋಡುವ ಏಡಿ. ಸಮುದ್ರದ ಈ ಏಡಿ ಆ ಹುಟ್ಟನ್ನು ಬೀಸಿ ನೀರಿನಲ್ಲಿ ಅಡ್ಡಡ್ಡ ಹಾಯುತ್ತದೆ. ಬೆನ್ನಿನ ಚಿಪ್ಪಿನ ಅಂಚಿನಲ್ಲಿ ಕಣ್ಣಿನಿಂದ ಹೊರಟು ಒಂದೊಂದು ಬದಿಗೆ ಒಂಬತ್ತು ಹಲ್ಲುಗಳಿರುತ್ತವೆ, ಕೊನೆಯದು ಉದ್ದನೆಯ ಮುಳ್ಳು. ಮಗನಿಗೆ ಎಣಿಸಲು ಹೇಳಿ.

ಈಗ ಕೈಗಳ ವಿಷಯ. ನೀವು ಕೊಂಬು ಎಂದಿರಿ, ನಾನು ಕೈ ಎಂದೇ ಬರೆಯುತ್ತೇನೆ, ಏಕೆಂದರೆ ಅದು ಮಾಡುವುದು ಕೈಯ ಕೆಲಸ. ಈ ಜಾತಿಯಲ್ಲಿ ಎರಡು ಕೈಗಳ ಉದ್ದ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ದಪ್ಪದಲ್ಲಿ ಮತ್ತು ಹಲ್ಲುಗಳಲ್ಲಿ. ದಪ್ಪಗೈಯನ್ನು ಬಿಡಿಸಿ ನೋಡಿ. ಬೆರಳುಗಳ ಬುಡದಲ್ಲಿ, ಕೀಲಿನ ಪಕ್ಕದಲ್ಲೇ, ನಮ್ಮ ದವಡೆ ಹಲ್ಲಿನಂತೆ ಮೊಂಡಾದ ಗುಬುಟುಗಳಿವೆ. ಇದು ಜಜ್ಜುವ ಕೈ. ತೆಳುಗೈಯಲ್ಲಿ ಹಲ್ಲುಗಳು ಸಣ್ಣ, ಚೂಪು, ತುದಿಯವರೆಗೂ ಗರಗಸದ ಹಾಗೆ ಸಾಲಾಗಿವೆ. ಇದು ಕತ್ತರಿಸುವ ಕೈ. ಚಿಪ್ಪಿನ ಹುಳು, ಬಸವನಹುಳು ಸಿಕ್ಕಾಗ ಒಂದು ಕೈ ಒಡೆಯುತ್ತದೆ, ಇನ್ನೊಂದು ಒಳಗಿನ ಮಾಂಸವನ್ನು ಹರಿದು ಬಾಯಿಗೆ ಕೊಡುತ್ತದೆ.

ನನ್ನ ಅಜ್ಜಿ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಡಿಕೆಯನ್ನು ಅಲಗಿನ ತುದಿಗೆ ಇಟ್ಟರೆ ಎಷ್ಟು ಒತ್ತಿದರೂ ಜಾರುತ್ತದೆ. ಅಜ್ಜಿ ಹೆಬ್ಬೆರಳಿನಿಂದ ಅದನ್ನು ಕೀಲಿನ ಹತ್ತಿರಕ್ಕೆ ತಳ್ಳುತ್ತಿದ್ದರು, ಕಟಕ್ಕೆಂದು ಎರಡು ಹೋಳು. ಏಡಿಯ ದವಡೆ ಹಲ್ಲು ಕೀಲಿನ ಪಕ್ಕದಲ್ಲಿ ಕುಳಿತಿರುವುದು ಅದಕ್ಕೇ. ಸ್ನಾಯು ಬೆರಳನ್ನು ಎಳೆಯುವ ಜಾಗವೂ ಜಜ್ಜುವ ಕೈಯಲ್ಲಿ ಕೀಲಿನಿಂದ ಹೆಚ್ಚು ದೂರದಲ್ಲಿದೆ. ಹಾಗಾಗಿ ಒತ್ತಡ ಜಾಸ್ತಿ, ವೇಗ ಕಡಿಮೆ. ಕತ್ತರಿಸುವ ಕೈಯಲ್ಲಿ ಅದು ಕೀಲಿಗೆ ಸಮೀಪ. ಒತ್ತಡ ಕಡಿಮೆ, ಆದರೆ ಥಟ್ಟನೆ ಮುಚ್ಚುತ್ತದೆ. ಮೀನಿನ ಮರಿಯನ್ನೋ ಸಿಗಡಿಯನ್ನೋ ಹಿಡಿಯಲು ಈ ಚುರುಕು ಬೇಕು. ಬಲ, ವೇಗ ಎರಡನ್ನೂ ಒಂದೇ ಕೈಗೆ ತುಂಬಲು ಸನ್ನೆಗೋಲಿನ ಲೆಕ್ಕ ಒಪ್ಪುವುದಿಲ್ಲ. ಏಡಿ ಅದನ್ನು ಎರಡು ಕೈಗೆ ಹಂಚಿಕೊಂಡಿದೆ.

ನಿಮ್ಮ ಎಂಟರಲ್ಲಿ ಏಳು ಬಲಗೈಯವಾಗಿದ್ದುದು ಆಕಸ್ಮಿಕವಲ್ಲ. ಈಜುವ ಏಡಿಗಳಲ್ಲಿ ಜಜ್ಜುವ ಕೈ ಬಲಗಡೆಗೆ ಬರುವುದೇ ವಾಡಿಕೆ. ಮೊಟ್ಟೆಯಿಂದ ಹೊರಬಂದ ಮರಿ ಏಡಿಯ ರೂಪ ತಳೆದ ಹೊಸದರಲ್ಲಿ ಎರಡೂ ಕೈ ಒಂದೇ ತರಹ ಇರುತ್ತವೆ. ಚಿಪ್ಪು ಬದಲಿಸುತ್ತಾ ಬೆಳೆದಂತೆ ಬಲಗೈ ದಪ್ಪವಾಗತೊಡಗುತ್ತದೆ. ಹಾಗಾದರೆ ಎಡಗೈ ದಪ್ಪವಿರುವುದು ಎಲ್ಲಿಂದ ಬಂತು? ಈ ಮಾತನ್ನು ನಿಮ್ಮ ಮಗನಿಗೆ ನಿಧಾನವಾಗಿ ಹೇಳಿ: ಅಂತಹ ಏಡಿಗಳಲ್ಲಿ ಬಹುಪಾಲು ಎಡಗೈಯವಾಗಿ ಹುಟ್ಟಿದವಲ್ಲ. ಒಂದು ಕಾಲದಲ್ಲಿ ಅವೂ ಬಲಗೈಯವೇ. ಬಲಗೈಯನ್ನು ಎಲ್ಲೋ ಕಳೆದುಕೊಂಡವು.

ಬಲೆಯಲ್ಲೋ, ಮೀನಿನ ಬಾಯಲ್ಲೋ, ಇನ್ನೊಂದು ಏಡಿಯ ಜೊತೆ ಕಾದಾಡುವಾಗಲೋ ಜಜ್ಜುವ ಕೈ ಹೋಯಿತು ಎಂದಿಟ್ಟುಕೊಳ್ಳಿ. ಹೊಸ ಕೈ ಬರುತ್ತದೆ, ಆದರೆ ಸಣ್ಣದಾಗಿ ಬರುತ್ತದೆ. ಅದು ದಪ್ಪವಾಗುವವರೆಗೆ ಕಾಯುತ್ತಾ ಕುಳಿತರೆ ಚಿಪ್ಪು ಒಡೆಯುವವರು ಯಾರು? ಅಷ್ಟರಲ್ಲಿ ಉಳಿದಿದ್ದ ಎಡಗೈ, ನಿನ್ನೆಯವರೆಗೂ ಕತ್ತರಿಸುತ್ತಿದ್ದ ಕೈ, ಒಂದೊಂದು ಸಲ ಚಿಪ್ಪು ಬದಲಿಸಿದಾಗಲೂ ದಪ್ಪವಾಗುತ್ತಾ ಹೋಗುತ್ತದೆ. ಚೂಪು ಹಲ್ಲು ಮೊಂಡಾಗುತ್ತದೆ, ಒಳಗಿನ ಸ್ನಾಯುವಿನ ಎಳೆಗಳ ಗುಣವೂ ಬದಲಾಗುತ್ತದೆ. ಬಲಗಡೆ ಹೊಸದಾಗಿ ಚಿಗುರಿದ ಕೈ ಕತ್ತರಿಸುವ ಕೆಲಸ ವಹಿಸಿಕೊಳ್ಳುತ್ತದೆ. ಅಮೆರಿಕದ ನೀಲಿ ಏಡಿಯಲ್ಲಿ ಈ ಅದಲು ಬದಲನ್ನು ವಿವರವಾಗಿ ಗಮನಿಸಿ 1976ರಲ್ಲಿ ಪ್ರಕಟಿಸಿದ್ದಾರೆ. ಅದೂ ಈಜುವ ಏಡಿಯೇ. ಇದಕ್ಕೆ ವಿರುದ್ಧವಾಗಿ, ಹೋದದ್ದು ಎಡಗಡೆಯ ಕತ್ತರಿಸುವ ಕೈಯಾದರೆ ಏನೂ ಅದಲು ಬದಲಾಗುವುದಿಲ್ಲ. ಕತ್ತರಿಸುವ ಕೈಯೇ ಮತ್ತೆ ಬರುತ್ತದೆ, ಬಲಗೈ ತನ್ನ ಪಾಡಿಗೆ ಜಜ್ಜುತ್ತಿರುತ್ತದೆ. ಮರಿಗಳಲ್ಲಿ ಎಡಗೈಯವು ಅಪರೂಪವಾಗಿದ್ದು, ದೊಡ್ಡ ಏಡಿಗಳಲ್ಲಿ ಹೆಚ್ಚು ಸಿಗುವುದಕ್ಕೆ ಕಾರಣ ಇದೇ. ವಯಸ್ಸಾದಷ್ಟೂ ಪೆಟ್ಟು ತಿಂದಿರುತ್ತವೆ.

ನಿಮ್ಮ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಬಲಗೈ ಮೈಯ ಅಳತೆಗೆ ಹೋಲಿಸಿದರೆ ತೀರ ಚಿಕ್ಕದು. ಹಲ್ಲುಗಳು ಸವೆದಿಲ್ಲ, ಗೀರುಗಳಿಲ್ಲ, ಹೊಸ ಬಟ್ಟೆ ತೊಟ್ಟಂತಿದೆ. ಎಡಗೈಯ ಬೆರಳಿನ ಬುಡ ಮಾತ್ರ ಸವೆದು ಮಂಕಾಗಿದೆ. ಈ ಏಡಿ ಬಲಗೈ ಕಳೆದುಕೊಂಡು ಚೇತರಿಸಿಕೊಂಡಿತ್ತು ಎಂದೇ ನನ್ನ ತೀರ್ಮಾನ.

ಈ ಅದಲು ಬದಲನ್ನು ಮೊದಲು ಗುರುತಿಸಿದ್ದು ಏಡಿಯಲ್ಲಲ್ಲ, ಅದರ ನೆಂಟನಾದ ಒಂದು ಸಿಗಡಿಯಲ್ಲಿ. ಅದರ ಒಂದು ಕೈ ದೊಡ್ಡದು. ಅದನ್ನು ಮುಚ್ಚಿದರೆ ಚಿಟಿಕೆ ಹೊಡೆದಂತೆ ಸದ್ದಾಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ಹಾನ್ಸ್ ಪ್ರಿಬ್ರಾಮ್ ಆ ದೊಡ್ಡ ಕೈಯನ್ನು ತೆಗೆದರೆ ಇನ್ನೊಂದು ಬದಿಯ ಚಿಕ್ಕ ಕೈಯೇ ಬೆಳೆದು ಚಿಟಿಕೆ ಹೊಡೆಯತೊಡಗುವುದನ್ನು ಕಂಡರು. 1903ರಲ್ಲಿ ಅಮೆರಿಕದ ಇ. ಬಿ. ವಿಲ್ಸನ್ ಕೂಡ ಅದನ್ನೇ ಕಂಡು ಬರೆದರು. ಪ್ರಿಬ್ರಾಮ್ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಜೀವಿಗಳ ಮೇಲೆ ಪ್ರಯೋಗ ನಡೆಸಲೆಂದು ತಮ್ಮ ಊರಿನಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿ ಬೆಳೆಸಿದವರು ಅವರು. ಯಹೂದಿ ಮೂಲದವರೆಂಬ ಒಂದೇ ಕಾರಣಕ್ಕೆ ನಾಜಿಗಳು ಅವರನ್ನು ಆ ಸಂಸ್ಥೆಯಿಂದ ಹೊರಗೆ ಹಾಕಿದರು. 1944ರಲ್ಲಿ ತೆರೇಸಿಯನ್‌ಸ್ಟಾಟ್ ಶಿಬಿರದಲ್ಲಿ ಅವರು ತೀರಿಕೊಂಡರು. ಕಳೆದುಹೋದ ಅಂಗ ಮತ್ತೆ ಹೇಗೆ ಬರುತ್ತದೆ ಎಂಬುದನ್ನೇ ಬದುಕಿನುದ್ದಕ್ಕೂ ನೋಡಿದವರು.

ಇನ್ನು ನಿಮ್ಮ ಮಗ. ಏಡಿಯ ಎಡಗೈಗೂ ಮನುಷ್ಯನ ಎಡಗೈಗೂ ಹೆಸರೊಂದೇ, ಹುಟ್ಟು ಬೇರೆ. ನೂರು ಜನರಲ್ಲಿ ಸುಮಾರು ಹತ್ತು ಜನ ಎಡಗೈಯವರು. ಅವರು ಏನನ್ನೂ ಕಳೆದುಕೊಂಡು ಹಾಗಾದವರಲ್ಲ. ನಮ್ಮ ಕೈಗಳ ಒಲವು ಮಿದುಳಿಗೆ ಸೇರಿದ್ದು, ಎಲುಬು ಸ್ನಾಯುಗಳ ಆಕಾರಕ್ಕಲ್ಲ. ನಾನೂ ಎಡಗೈಯವನು. ಪ್ರಾಥಮಿಕ ಶಾಲೆಯಲ್ಲಿ ನನ್ನ ಎಡಗೈಯ ಗೆಣ್ಣುಗಳ ಮೇಲೆ ಅಡಿಕೋಲಿನ ಅಂಚು ಬೀಳುತ್ತಿತ್ತು. ಊಟದ ಎಲೆಯ ಮುಂದೆ ದೊಡ್ಡಪ್ಪ ನನ್ನ ಎಡಗೈಯನ್ನು ಬೆನ್ನ ಹಿಂದೆ ಹಿಡಿದು ಕೂರುತ್ತಿದ್ದರು. ಬಲಗೈಯಲ್ಲಿ ಬರೆಯುವುದನ್ನು ಕಲಿತೆ, ಈ ಅಂಕಣವನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಆದರೆ ಸೂಜಿಗೆ ದಾರ ಪೋಣಿಸುವುದು, ಏಡಿಯ ಹೊಟ್ಟೆಯ ಮಡಿಕೆ ಬಿಡಿಸುವುದು, ಚೆಂಡು ಎಸೆಯುವುದು ಎಲ್ಲ ಇಂದಿಗೂ ಎಡಗೈಯೇ. ನಿಮ್ಮ ಮಗನನ್ನು ಅವನ ಪಾಡಿಗೆ ಬಿಟ್ಟಿದ್ದೀರಿ. ಅದಕ್ಕೆ ನನ್ನ ನಮಸ್ಕಾರ.

ಬಳಕೆಯಿಂದಲೇ ಕೈ ರೂಪುಗೊಳ್ಳುವ ಪ್ರಾಣಿಯೂ ಇಲ್ಲದಿಲ್ಲ, ಅದನ್ನೂ ಅವನಿಗೆ ಹೇಳಿ. ಅಟ್ಲಾಂಟಿಕ್ ಸಮುದ್ರದ ಅಮೆರಿಕನ್ ಲಾಬ್‌ಸ್ಟರ್‌ಗೆ ಜಜ್ಜುವ ಕೈ ಎಡಕ್ಕೂ ಬರಬಹುದು, ಬಲಕ್ಕೂ ಬರಬಹುದು, ಸಮಸಮವಾಗಿ. ಎಳೆ ವಯಸ್ಸಿನ ಒಂದು ಸಣ್ಣ ಅವಧಿಯಲ್ಲಿ ಯಾವ ಕೈಗೆ ಹೆಚ್ಚು ಕೆಲಸ ಬಿತ್ತೋ ಅದು ಜಜ್ಜುವ ಕೈಯಾಗುತ್ತದೆ. ಹಿಡಿದು ಒತ್ತಲು ಏನೂ ಇಲ್ಲದ ನುಣುಪು ತೊಟ್ಟಿಯಲ್ಲಿ ಸಾಕಿದರೆ ಎರಡೂ ಕೈ ಕತ್ತರಿಸುವ ಕೈಗಳೇ ಆಗಿ ಉಳಿಯುತ್ತವೆ. ಗೋವಿಂದ್ ಮತ್ತು ಪಿಯರ್ಸ್ ಎಂಬ ಇಬ್ಬರು ಇದನ್ನು 1986ರಲ್ಲಿ ತೋರಿಸಿಕೊಟ್ಟರು. ಒಂದು ಕೈಗೆ ಬೇಕೆಂದೇ ಕೆಲಸ ಕೊಟ್ಟರು, ಆ ಕೈ ದಪ್ಪವಾಯಿತು.

ಪ್ರಶ್ನೆ: ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಯ ಬದುವಿನಲ್ಲಿ ಒಂದು ಏಡಿ ಹಿಡಿದೆ. ಅದು ನನ್ನ ಹೆಬ್ಬೆರಳು ಕಚ್ಚಿತು. ಜಾಡಿಸಿದ ಕೂಡಲೇ ಕೈಯನ್ನೇ ಕಳಚಿ ಬಿಟ್ಟು ಓಡಿತು. ಕಳಚಿದ ಕೈ ಮಾತ್ರ ನನ್ನ ಬೆರಳಿನಲ್ಲೇ ಕಚ್ಚಿಕೊಂಡಿತ್ತು. ರಕ್ತ ಸೋರಿ ಅದು ಸಾಯುವುದಿಲ್ಲವೇ? ಕೈ ಮತ್ತೆ ಬರುವುದು ನಿಜವೇ? (ಒಬ್ಬ ರೈತರು, ಮದ್ದೂರು ತಾಲ್ಲೂಕು)

ಉತ್ತರ: ಅಣ್ಣಾ, ನೀವು ಅದರ ಕೈ ಕೀಳಲಿಲ್ಲ, ಅದೇ ಕಳಚಿಕೊಟ್ಟಿತು. ಪ್ರತಿಯೊಂದು ಕಾಲಿನ ಬುಡದಲ್ಲೂ ಮುರಿಯಲೆಂದೇ ಒಂದು ಗೆರೆ ಇರುತ್ತದೆ. ಅಪಾಯ ಕಂಡಾಗ ಬುಡದ ಸ್ನಾಯು ಬಿಗಿದು, ಸರಿಯಾಗಿ ಆ ಗೆರೆಯಲ್ಲೇ ಕೈ ತುಂಡಾಗುತ್ತದೆ. ಗೆರೆಯ ಒಳಗಡೆ ಒಂದು ತೆಳು ಪೊರೆ ಮೊದಲೇ ಅಡ್ಡ ಇರುತ್ತದೆ. ತುಂಡಾದ ಕೂಡಲೇ ರಂಧ್ರ ಮುಚ್ಚಿಕೊಳ್ಳುತ್ತದೆ. ಸೋರುವುದು ಒಂದೆರಡು ಹನಿ ಅಷ್ಟೇ. ಅದೂ ಕೆಂಪಗಿರುವುದಿಲ್ಲ. ನಮ್ಮ ರಕ್ತದಲ್ಲಿ ಕಬ್ಬಿಣದ ಅಂಶವಿದ್ದರೆ ಅದರದರಲ್ಲಿ ತಾಮ್ರದ ಅಂಶ. ಗಾಳಿ ತಾಕಿದಾಗ ತಿಳಿ ನೀಲಿಯಾಗಿ ಕಾಣುತ್ತದೆ.

ಕೈ ಮತ್ತೆ ಬರುವುದು ನಿಜ. ಆದರೆ ಬಳ್ಳಿ ಚಿಗುರಿದಂತೆ ದಿನದಿನಕ್ಕೆ ಉದ್ದವಾಗುವುದಿಲ್ಲ. ಗಾಯದ ಜಾಗದಲ್ಲಿ ಒಂದು ಮೊಗ್ಗು ಏಳುತ್ತದೆ, ಅದರೊಳಗೆ ಕೈ ಮಡಿಸಿಕೊಂಡು ಬೆಳೆಯುತ್ತಿರುತ್ತದೆ. ಮುಂದಿನ ಸಲ ಹಳೆಯ ಚಿಪ್ಪು ಬಿಡುವಾಗ ಆ ಮಡಿಕೆ ಬಿಚ್ಚಿ ಪುಟ್ಟ ಕೈ ಹೊರಬರುತ್ತದೆ. ಮೊದಲಿನ ಗಾತ್ರಕ್ಕೆ ಬರಲು ಇನ್ನೂ ಕೆಲವು ಸಲ ಚಿಪ್ಪು ಬದಲಿಸಬೇಕು. ಎಳೆಯ ಏಡಿ ಬೇಗ ಬೇಗ ಬದಲಿಸುತ್ತದೆ, ಬಲಿತದ್ದು ಅಪರೂಪಕ್ಕೆ. ಆದ್ದರಿಂದ ಇಷ್ಟೇ ದಿನ ಎಂದು ಲೆಕ್ಕ ಕೊಡುವಂತಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಕಲ್ಲೇಡಿ ಎಂದು ಕರೆಯಬಹುದಾದ ಒಂದು ಜಾತಿಯನ್ನು ಹಿಡಿದು, ಕೈ ಮಾತ್ರ ತೆಗೆದುಕೊಂಡು ಏಡಿಯನ್ನು ನೀರಿಗೆ ಬಿಡುವುದು ಕಾನೂನು. ಅಲ್ಲಿ ಕೂಡ ಮತ್ತೆ ಮಾರುವಷ್ಟು ಕೈ ಬೆಳೆಯಲು ಒಂದು ವರ್ಷಕ್ಕೂ ಮೇಲೆ ಬೇಕು. ಗೆರೆಯಲ್ಲಿ ಸರಿಯಾಗಿ ಮುರಿಯದೆ ಮೈಯ ಮಾಂಸ ಕಿತ್ತು ಬಂದರೆ ಆ ಏಡಿ ಬದುಕುವುದು ಕಷ್ಟ. ನಮ್ಮಲ್ಲಿ ಹುಡುಗರು ಆಟಕ್ಕೆಂದು ಏಡಿಯ ಕಾಲು ಕಿತ್ತು ಬಿಡುವುದನ್ನು ನೋಡಿದ್ದೇನೆ. ‘ಹೇಗೂ ಮತ್ತೆ ಬರುತ್ತಲ್ಲ’ ಎನ್ನುತ್ತಾರೆ. ಕೈಯಿಲ್ಲದ ಏಡಿ ಬಿಲ ತೋಡಲಾರದು, ಜಗಳ ಕಾಯಲಾರದು, ಕೊಕ್ಕರೆಗೆ ಸುಲಭವಾಗಿ ಸಿಗುತ್ತದೆ. ದಯವಿಟ್ಟು ಬಿಡಿಸಿ ಹೇಳಿ.

ಕಚ್ಚಿಕೊಂಡ ಕೈಯನ್ನು ಎಳೆಯಬೇಡಿ, ಬೆರಳು ಸೀಳುತ್ತದೆ. ಎರಡು ಬೆರಳುಗಳಲ್ಲಿ ಮೇಲಿನದು ಮಾತ್ರ ಆಡುವುದು. ಅದರ ತುದಿಗೆ ಒಂದು ಕಡ್ಡಿ ಕೊಟ್ಟು ಮೇಲಕ್ಕೆ ಎತ್ತಿದರೆ ಬಿಟ್ಟುಕೊಳ್ಳುತ್ತದೆ. ಏಡಿ ಜೀವಂತವಾಗಿ ಅಂಟಿಕೊಂಡಿದ್ದರೆ ಕೈಯನ್ನು ನೀರಿನೊಳಗೆ ಇಳಿಸಿ ಸುಮ್ಮನಿರಿ, ತಾನಾಗಿ ಬಿಟ್ಟು ಹೋಗುತ್ತದೆ. ನನ್ನ ಅಣ್ಣ ಕಲಿಸಿಕೊಟ್ಟ ಉಪಾಯ ಇದು.

ಪ್ರಶ್ನೆ: ಕಾರವಾರಕ್ಕೆ ಪ್ರವಾಸ ಹೋದಾಗ ಕಾಳಿ ನದಿಯ ಅಳಿವೆಯ ಕೆಸರಿನಲ್ಲಿ ಒಂದೇ ಒಂದು ಭಾರಿ ಕೈಯಿರುವ ಪುಟ್ಟ ಏಡಿಗಳನ್ನು ನೋಡಿದೆವು. ಅದೂ ಇದೇ ಬಗೆಯದೇ ಸರ್? (ಪದವಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಅಲ್ಲಮ್ಮ, ಅದರ ದಾರಿ ಬೇರೆ. ಪಿಟೀಲು ಬಾರಿಸುವಂತೆ ಕೈ ಆಡಿಸುವುದರಿಂದ ಅದಕ್ಕೆ ಪಿಟೀಲು ಏಡಿ ಎಂದು ಹೆಸರು. ದೊಡ್ಡ ಕೈ ಗಂಡಿಗೆ ಮಾತ್ರ. ಆ ಒಂದು ಕೈಯ ತೂಕವೇ ಮೈತೂಕದ ಅರ್ಧದ ಹತ್ತಿರಕ್ಕೆ ಹೋಗಬಹುದು. ಅದು ಜಜ್ಜಲೂ ಅಲ್ಲ, ತಿನ್ನಲೂ ಅಲ್ಲ. ಹೆಣ್ಣನ್ನು ಕರೆಯಲು, ಎದುರಾಳಿಯನ್ನು ದೂಡಲು. ಹೆಣ್ಣು ಎರಡು ಪುಟ್ಟ ಕೈಗಳಿಂದ ಕೆಸರು ಎತ್ತಿ ತಿನ್ನುತ್ತಿದ್ದರೆ ಗಂಡು ಒಂದೇ ಕೈಯಿಂದ ತಿನ್ನಬೇಕು. ಹೆಚ್ಚಿನ ಜಾತಿಗಳಲ್ಲಿ ದೊಡ್ಡ ಕೈ ಎಡಕ್ಕಿರುವವು ಅರ್ಧ, ಬಲಕ್ಕಿರುವವು ಅರ್ಧ. ಬಲಗೈಯವೇ ತುಂಬಿರುವ ಕೆಲವು ಜಾತಿಗಳೂ ಇವೆ. ಈಜುವ ಏಡಿಯಂತೆ ಇಲ್ಲಿ ಅದಲು ಬದಲಿಲ್ಲ: ದೊಡ್ಡ ಕೈ ಹೋದರೆ ಅದೇ ಬದಿಯಲ್ಲಿ ಮತ್ತೆ ದೊಡ್ಡ ಕೈಯೇ ಬರುತ್ತದೆ. ಕೆಲವು ಜಾತಿಗಳಲ್ಲಿ ಮತ್ತೆ ಬಂದ ಕೈ ಉದ್ದವಾಗಿದ್ದರೂ ಹಗುರ, ಹಲ್ಲಿಲ್ಲದ್ದು, ಬಲ ಕಡಿಮೆ. ಬೀಸುವುದಕ್ಕೆ ಅಡ್ಡಿಯಿಲ್ಲ, ಹೊಡೆದಾಟಕ್ಕೆ ಸಾಲದು.

ಪ್ರಶ್ನೆ: ಏಡಿಗಳು ಬಲಗೈಯವಾಗಿರುವುದಕ್ಕೂ ಶಂಖಗಳ ಸುರುಳಿ ಬಲಕ್ಕೆ ತಿರುಗಿರುವುದಕ್ಕೂ ಸಂಬಂಧವಿದೆ ಎಂದು ಒಬ್ಬರು ಹೇಳಿದರು. ನಮ್ಮ ಪಕ್ಕದಲ್ಲೇ ಬಲಮುರಿ, ಎಡಮುರಿ ಎಂಬ ಹೆಸರಿನ ಎರಡು ಜಾಗಗಳೂ ಇವೆ. ಬಲಮುರಿ ಶಂಖ ಸಿಗುವುದೇ ಅಪರೂಪ ಎನ್ನುತ್ತಾರಲ್ಲ, ಹಾಗಾದರೆ ಶಂಖಗಳು ಬಲಕ್ಕೆ ತಿರುಗಿವೆ ಎನ್ನುವುದು ಹೇಗೆ? (ನಿವೃತ್ತ ಅಂಚೆ ನೌಕರರು, ಶ್ರೀರಂಗಪಟ್ಟಣ)

ಉತ್ತರ: ಸ್ವಾಮಿ, ಬಹಳ ಒಳ್ಳೆಯ ಪ್ರಶ್ನೆ. ಗೋಜಲು ಇರುವುದು ಶಂಖದಲ್ಲಲ್ಲ, ಹಿಡಿಯುವ ಬಗೆಯಲ್ಲಿ. ಅಂಗಾತ ಮಾಡಿದ ಏಡಿಯ ಹಾಗೆಯೇ.

ಪ್ರಾಣಿಶಾಸ್ತ್ರದವರು ಶಂಖದ ಸುರುಳಿಯ ಮೊನೆಯನ್ನು ಮೇಲೆ ಮಾಡಿ, ಬಾಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಬಾಯಿ ಬಲಕ್ಕೆ ಬಂದರೆ ಬಲಸುರುಳಿ, ಎಡಕ್ಕೆ ಬಂದರೆ ಎಡಸುರುಳಿ. ಈ ಲೆಕ್ಕದಲ್ಲಿ ಬಸವನಹುಳು, ಶಂಖಗಳ ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ ಬಲಸುರುಳಿಯವೇ. ನಮ್ಮ ಪೂಜೆಯ ಸಂಪ್ರದಾಯದಲ್ಲಿ ಶಂಖವನ್ನು ತಲೆಕೆಳಗಾಗಿ, ನೀರು ಬಿಡುವ ಕೊಳವೆಯಂತಹ ತುದಿ ಮೇಲಿರುವಂತೆ ಎಣಿಸುತ್ತಾರೆ. ಆಗ ಎಡ ಬಲ ಅದಲು ಬದಲು. ದೇವಸ್ಥಾನಗಳಲ್ಲಿ ಊದುವ ಸಾಧಾರಣ ಶಂಖ ನಮಗೆ ಎಡಮುರಿ, ಅವರಿಗೆ ಬಲಸುರುಳಿ. ಅಪರೂಪದ ಬಲಮುರಿ ಶಂಖ ಅವರ ಲೆ­ಕ್ಕಕ್ಕೆ ಎಡಸುರುಳಿ. ವಸ್ತು ಒಂದೇ, ಅದು ಅಪರೂಪ ಎನ್ನುವುದನ್ನು ಇಬ್ಬರೂ ಒಪ್ಪುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಬಲಮುರಿ ಶಂಖ ಎಂದು ಮಾರುವವುಗಳಲ್ಲಿ ಎಷ್ಟೋ ನಮ್ಮ ಕಡಲಿನವಲ್ಲ, ಅಮೆರಿಕದ ಕರಾವಳಿಯ ಬೇರೊಂದು ಜಾತಿಯ ಚಿಪ್ಪುಗಳು. ಆ ಜಾತಿಯಲ್ಲಿ ಎಡಸುರುಳಿಯೇ ಸಾಮಾನ್ಯ, ಅಪರೂಪವೇನಲ್ಲ. ನಿಜವಾದ ಶಂಖದ ಬಾಯೊಳಗೆ, ನಡುಗಂಬದ ಮೇಲೆ, ಮೂರು ನಾಲ್ಕು ಮಡಿಕೆಗಳು ಏಣಿನಂತೆ ಬೆರಳಿಗೆ ತಾಗುತ್ತವೆ. ಅಮೆರಿಕದ್ದರಲ್ಲಿ ಅವು ಇರುವುದಿಲ್ಲ. ಹಣ ಕೊಡುವ ಮೊದಲು ಬೆರಳು ಹಾಕಿ ನೋಡಿ.

ಇನ್ನು ಏಡಿಯ ಸಂಬಂಧ. ಪೆಟ್ಟಿಗೆ ಏಡಿ ಎಂಬ ಒಂದು ಬಗೆ ಇದೆ. ಅದರ ಬಲಗೈಯಲ್ಲಿ ಡಬ್ಬಿ ತೆರೆಯುವ ಸಾಧನದಂತಹ ವಿಶೇಷ ಹಲ್ಲು. ಅದನ್ನು ಬಸವನಹುಳುವಿನ ಬಾಯಂಚಿಗೆ ಸಿಕ್ಕಿಸಿ ಸುರುಳಿಯ ಗುಂಟ ಚಿಪ್ಪನ್ನು ಒಡೆಯುತ್ತಾ ಹೋಗುತ್ತದೆ. ಬಲಸುರುಳಿಗೆ ಈ ಹಲ್ಲು ಸರಿಯಾಗಿ ಕೂರುತ್ತದೆ. ಎಡಸುರುಳಿ ಸಿಕ್ಕರೆ ಕೆಲಸ ಕೆಡುತ್ತದೆ. ಏಡಿಯ ಹಲ್ಲಿಗೆ ಸಿಕ್ಕಿ ಬದುಕುಳಿದ ಹುಳುವಿನ ಚಿಪ್ಪಿನ ಮೇಲೆ ಗಾಯದ ಕಲೆ ಉಳಿಯುತ್ತದೆ. 2006ರಲ್ಲಿ ಅಮೆರಿಕದ ಡೀಟ್ಲ್ ಮತ್ತು ಹೆಂಡ್ರಿಕ್ಸ್ ಹಳೆಯ ಚಿಪ್ಪುಗಳ ಮೇಲಿನ ಅಂತಹ ಕಲೆಗಳನ್ನು ಹೋಲಿಸಿದಾಗ ಎಡಸುರುಳಿಯವುಗಳ ಮೇಲೆ ಕಲೆ ಕಡಿಮೆ ಇತ್ತು. ಬಲಸುರುಳಿಯ ಹುಳುಗಳೇ ತುಂಬಿರುವ ಕಡಲಿನಲ್ಲಿ ಬಲಗೈ ಬಲವಾಗಿರುವುದು ಲಾಭ ಎಂಬ ವಾದಕ್ಕೆ ಇದು ಒತ್ತು ಕೊಡುತ್ತದೆ. ಆದರೆ ಎಲ್ಲ ಏಡಿಗಳ ಬಲಗೈಗೂ ಬಸವನಹುಳುವೇ ಕಾರಣ ಎಂದು ನಾನು ಬರೆಯಲಾರೆ. ನಿಮ್ಮ ನೆರೆಯೂರಿನ ತಾಯಿಯ ಮೂರು ಚುಕ್ಕೆಯ ಏಡಿ ಬಸವನಹುಳುವಿನ ಜೊತೆಗೆ ಕಪ್ಪೆಚಿಪ್ಪು, ಸಿಗಡಿ, ಮೀನನ್ನೂ ತಿನ್ನುತ್ತದೆ. ಕಪ್ಪೆಚಿಪ್ಪಿಗೆ ಎಡಮುರಿ ಬಲಮುರಿ ಎಲ್ಲಿದೆ?

ಪ್ರಶ್ನೆ: ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯದು ಸೊರಗಿರುತ್ತದೆ ಎನ್ನುತ್ತಾರೆ. ಕೊಳ್ಳುವಾಗ ಏನು ನೋಡಬೇಕು? (ಮೈಸೂರು)

ಉತ್ತರ: ಆಕಾಶ ಬಿಟ್ಟು ಏಡಿಯನ್ನು ನೋಡಿ. ಆಗತಾನೇ ಚಿಪ್ಪು ಬದಲಿಸಿದ ಏಡಿ ಹೊಸ ಚಿಪ್ಪನ್ನು ಹಿಗ್ಗಿಸಲು ಮೈಯೊಳಗೆ ನೀರು ತುಂಬಿಕೊಂಡಿರುತ್ತದೆ. ಬೇಯಿಸಿದರೆ ಮಾಂಸ ಕರಗಿಹೋಗುತ್ತದೆ. ಹೊಟ್ಟೆಯ ಕಡೆ ಹೆಬ್ಬೆರಳಿನಿಂದ ಒತ್ತಿ, ಚಿಪ್ಪು ತಗ್ಗಿದರೆ ಬಿಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಚಿಪ್ಪು ತೀರ ಹೊಳೆಯುತ್ತಾ ಸ್ವಚ್ಛವಾಗಿದ್ದರೆ ಅನುಮಾನಪಡಿ, ಸ್ವಲ್ಪ ಕೊಳಕಾದ ಹಳೆಯ ಚಿಪ್ಪಿನದೇ ತುಂಬಿರುವುದು. ಮಾಂಸ ಹೆಚ್ಚಿರುವುದು ಜಜ್ಜುವ ಕೈಯಲ್ಲಿ.

ಪ್ರಶ್ನೆ: ತಾತ, ನನ್ನ ಏಡಿಯ ಎರಡು ಕೈಗಳನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ? (ಮೊದಲ ಕಾಗದದ ಜೊತೆ ಒಂದು ಚೀಟಿಯಲ್ಲಿ, ಪೆನ್ಸಿಲಿನಲ್ಲಿ)

ಉತ್ತರ: ಮಗು, ಅಮ್ಮನ ಜೊತೆ ಕುಳಿತೇ ಮಾಡು. ಎರಡು ಕೈಗಳನ್ನೂ ಹತ್ತು ನಿಮಿಷ ಕುದಿಸಿ. ಕುದಿಸಿದಾಗ ಕೆಂಪಾಗುತ್ತದೆ, ಹೆದರಬೇಡ. ಕೆಂಪು ಬಣ್ಣ ಮೊದಲೇ ಒಳಗಿತ್ತು, ಪ್ರೋಟೀನಿಗೆ ಅಂಟಿಕೊಂಡು ಬೇರೆಯಾಗಿ ಕಾಣುತ್ತಿತ್ತು. ಬಿಸಿಗೆ ಅದು ಬಿಡಿಸಿಕೊಳ್ಳುತ್ತದೆ. ತಣ್ಣಗಾದ ಮೇಲೆ ಮಣಿಕಟ್ಟಿನ ಕಡೆಯಿಂದ ಕಡ್ಡಿ ಹಾಕಿ ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆ. ಒಳಗೆ ಬಿಳಿಯ, ಚಪ್ಪಟೆಯಾದ, ಮೀನಿನ ಮುಳ್ಳಿನಂತಹ ಒಂದು ತಗಡು ಸಿಗುತ್ತದೆ. ಅದನ್ನು ಕೀಳಬೇಡ. ಬೆರಳನ್ನು ಮುಚ್ಚುವ ಸ್ನಾಯು ಅಂಟಿಕೊಂಡಿದ್ದುದು ಅದಕ್ಕೇ. ಚಿಮಟದಿಂದ ಹಿಡಿದು ಮೆಲ್ಲನೆ ಎಳೆ, ಏಡಿಯ ಬೆರಳು ನಿನ್ನ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ. ದಪ್ಪಗೈಯದನ್ನೂ ತೆಳುಗೈಯದನ್ನೂ ಒಂದಾದ ಮೇಲೊಂದು ಎಳೆದು ನೋಡು; ಯಾವುದು ಹೆಚ್ಚು ಚುರುಕು ಎಂದು ನನಗೆ ಬರೆ.

ಆಮೇಲೆ ಸೋಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೊಳೆದು, ಇರುವೆ ಬಾರದ ಕಡೆ ನೆರಳಿನಲ್ಲಿ ಒಂದು ವಾರ ಒಣಗಿಸು. ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಒಂದು ಡಬ್ಬಿಯಲ್ಲಿ ಹತ್ತಿ ಹಾಸಿ ಇಡು. ಜೊತೆಗೆ ಚೀಟಿ ಇರಲೇಬೇಕು: ಏಡಿಯ ಹೆಸರು, ಕೊಂಡ ಊರು, ತಾರೀಖು, ಗಂಡೋ ಹೆಣ್ಣೋ (ಹೊಟ್ಟೆಯ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು). ಒಂದು ಕೈಯ ಕೆಳಗೆ ‘ಎಡ, ಜಜ್ಜುವುದು’ ಎಂದು ಬರೆ, ಇನ್ನೊಂದರ ಕೆಳಗೆ ‘ಬಲ, ಕತ್ತರಿಸುವುದು, ಹೊಸದಾಗಿ ಬಂದದ್ದು’ ಎಂದು ಬರೆ. ಪೆನ್ಸಿಲಿನಲ್ಲೇ ಬರೆ, ಶಾಯಿ ಮಾಸುತ್ತದೆ.